ಎಲೆ ಹಳದಿ ಆಯ್ತಾ? ಯೂರಿಯಾ ಹಾಕೋ ಮೊದಲು ಯಾವ ಎಲೆ ಅಂತ ನೋಡಿ

ಬೆಳೆ ಹಳದಿಯಾದರೆ ಸಾಕು, ‘ಎಕರೆಗೆ ಎಷ್ಟು ಯೂರಿಯಾ ಹಾಕ್ಲಿ ಸಾರ್?’ ಅಂತ ಮೆಸೇಜ್ ಬರುತ್ತೆ. ನಾನು ತಿರುಗಿ ಕೇಳೋದು ಒಂದೇ: ಹಳದಿ ಆಗಿರೋದು ಕೆಳಗಿನ ಹಳೇ ಎಲೆಯೋ, ಮೇಲಿನ ಚಿಗುರೋ?

ಎಲೆಗೆ ಹಸಿರು ಬಣ್ಣ ಬರುವುದು ಪತ್ರಹರಿತ್ತಿನಿಂದ. ಅದರ ಒಂದೊಂದು ಅಣುವಿನ ನಡುವೆ ಒಂದು ಮೆಗ್ನೀಸಿಯಂ, ಸುತ್ತ ನಾಲ್ಕು ಸಾರಜನಕದ ಪರಮಾಣು ಇರುತ್ತವೆ. ಕಬ್ಬಿಣ ಅದರೊಳಗೆ ಇಲ್ಲ. ಆದರೆ ಕಬ್ಬಿಣ ಇಲ್ಲದೆ ಗಿಡ ಪತ್ರಹರಿತ್ತು ತಯಾರಿಸಲಾರದು. ಈ ಮೂರರಲ್ಲಿ ಯಾವುದು ಕಮ್ಮಿ ಆದರೂ ಎಲೆ ಹಳದಿಯಾಗುತ್ತೆ.

ವ್ಯತ್ಯಾಸ ಇರೋದು ಓಡಾಟದಲ್ಲಿ. ಸಾರಜನಕ, ಮೆಗ್ನೀಸಿಯಂ ಕೊರತೆಯಾದಾಗ ಗಿಡ ಅವನ್ನು ಹಳೇ ಎಲೆಯಿಂದ ತೆಗೆದು ಚಿಗುರಿಗೆ ಕೊಡುತ್ತದೆ. ಕಬ್ಬಿಣ ಮಾತ್ರ ಸೇರಿದ ಎಲೆ ಬಿಟ್ಟು ಸುಲಭಕ್ಕೆ ಕದಲುವುದಿಲ್ಲ. ಹಾಗಾಗಿ:

• ಕೆಳಗಿನ ಎಲೆ ಪೂರ್ತಿ ಹಳದಿ – ಸಾರಜನಕ ಕಮ್ಮಿ
• ಕೆಳಗಿನ ಎಲೆಯ ನರ ಹಸಿರು, ನಡುವೆ ಹಳದಿ – ಮೆಗ್ನೀಸಿಯಂ ಕಮ್ಮಿ
• ಚಿಗುರೆಲೆಯ ನರ ಹಸಿರು, ನಡುವೆ ಹಳದಿ – ಕಬ್ಬಿಣ ಕಮ್ಮಿ

ಸುಣ್ಣದ ಅಂಶ ಜಾಸ್ತಿ ಇರುವ ಮಣ್ಣಿನಲ್ಲಿ ಶೇಂಗಾ, ಕಬ್ಬಿಗೆ ಮೂರನೆಯದು ಹೆಚ್ಚು ಕಾಡುತ್ತದೆ. ಅಲ್ಲಿ ಯೂರಿಯಾ ಸುರಿದರೆ ದುಡ್ಡು ದಂಡ. 45 ಕೆಜಿ ಚೀಲದಲ್ಲಿ ಸುಮಾರು 21 ಕೆಜಿ ಸಾರಜನಕ ಇದೆ, ಕಬ್ಬಿಣ ಇಲ್ಲ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ.

ನೀರು ನಿಂತರೂ, ಬೇರು ಕೊಳೆತರೂ ಎಲೆ ಹಳದಿಯಾಗುತ್ತೆ. ಒಂದು ಗಿಡ ಕಿತ್ತು ಬೇರನ್ನೂ ನೋಡಿ. ಫೋಟೊ ಕಳಿಸುವಾಗ ಒಂದೇ ಎಲೆಯದ್ದು ಬೇಡ, ಬುಡದಿಂದ ತುದಿವರೆಗೆ ಇಡೀ ಗಿಡ ಕಾಣಲಿ.