ನಂದಿಯ ತಪ್ಪಲಲ್ಲಿ ಎರಡು ದಿನ

ದ್ರಾಕ್ಷಾರಸವೆಂದೊಡನೆ ಹಿರಿಯರು ಹುಬ್ಬು ಗಂಟಿಕ್ಕುವುದು ಸಹಜವೇ. ಆದರೆ ಬಾಪೂಜಿ ನಗರದ ಸಂಸಾರವೊಂದು ನಂದಿಯ ತಪ್ಪಲಿನ ತೋಟಗಳನ್ನು ನೋಡಿಬಂದರೆ ಯಾರ ವ್ರತವೂ ಕೆಡದು. ದಾರಿ ಸುಮಾರು 60 ಕಿಲೋಮೀಟರ್. ದೊಡ್ಡಬಳ್ಳಾಪುರದ ಬಳಿ, 1988ರಲ್ಲಿ ಆರಂಭವಾದ ಗ್ರೋವರ್ ಸಂಸ್ಥೆಯ ತೋಟದಲ್ಲಿ ಫ್ರಾನ್ಸ್ ದೇಶದ ತಳಿಗಳು ನಮ್ಮ ಕೆಮ್ಮಣ್ಣಿಗೆ ಒಗ್ಗಿಕೊಂಡಿವೆ. ಮಾರ್ಚ್ ಸುಮಾರಿಗೆ ಹೋದರೆ ಗೊಂಚಲುಗಳನ್ನೂ ಕಾಣಬಹುದು. ಮುಂಚಿತವಾಗಿ ತಿಳಿಸಿ ಹೋಗುವುದು ಲೇಸು.

ರುಚಿ ನೋಡುವವರು ಯಾರು, ಗಾಡಿ ನಡೆಸುವವರು ಯಾರು ಎಂಬುದು ಮಾತ್ರ ಹೊಸ್ತಿಲು ದಾಟುವ ಮೊದಲೇ ತೀರ್ಮಾನವಾಗಬೇಕು. ಒಬ್ಬರೇ ಎರಡನ್ನೂ ವಹಿಸಿಕೊಂಡರೆ ಪ್ರಾಣಕ್ಕೇ ಸಂಚಕಾರ. ಅಜ್ಜಿಗೆ ಭೋಗನಂದೀಶ್ವರನ ದರ್ಶನ, ಮಕ್ಕಳಿಗೆ ಬೆಟ್ಟ. ಮರಳುವಾಗ ಒಂದು ಬುಟ್ಟಿ ‘ಬೆಂಗಳೂರು ನೀಲಿ’ ದ್ರಾಕ್ಷಿ. 2013ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ ಈ ಹಣ್ಣಿನ ಪಾನಕಕ್ಕೆ ಅಜ್ಜಿಯದೂ ಆಕ್ಷೇಪವಿರಲಾರದು.