ನಿಮಗಿದು ಗೊತ್ತೆ? ಮಸ್ಕತ್ತಿನ ಕಡಲಂಚಿನ ಕಾಲ್ನಡಿಗೆ

ಒಮಾನಿನ ರಾಜಧಾನಿಯಾದ ಮಸ್ಕತ್ತಿನಲ್ಲಿ ನೆಲೆಸಿರುವ ಮಕ್ಕಳ ಮನೆಗೆ ನಮ್ಮ ನಾಡಿನಿಂದ ತೆರಳುವ ನಿವೃತ್ತ ತಾಯ್ತಂದೆಯರು, ಯಾರ ಕಾರನ್ನೂ ಕಾಯದೆ, ಸರ್ಕಾರಿ ಸ್ವಾಮ್ಯದ ಮುವಾಸಲಾತ್ ಸಂಸ್ಥೆಯ ಬಸ್ಸನ್ನೇರಿ ನಗರದ ರೂವಿ ಬಡಾವಣೆಯಿಂದ ಮತ್ರಾ ಬಂದರಿಗೆ ಬಂದಿಳಿದು, ಅಲ್ಲಿಂದ ರಿಯಾಮ್ ಉದ್ಯಾನದವರೆಗೆ ಕಡಲದಂಡೆಯನ್ನನುಸರಿಸುವ ಸಮತಲವಾದ ಪಾದಚಾರಿ ಮಾರ್ಗದಲ್ಲಿ ನಿರಾಯಾಸವಾಗಿ ವಿಹರಿಸಬಹುದು.

ಒಂದು ಪಾರ್ಶ್ವದಲ್ಲಿ ನೀಲಸಮುದ್ರವೂ ಮತ್ತೊಂದರಲ್ಲಿ ತರುರಹಿತ ಶಿಲಾಪರ್ವತಗಳೂ ಜೊತೆಗೂಡುವ ಈ ಹಾದಿಯಲ್ಲಿ ಪುರಾತನವಾದ ಸೂಕ್ ಎಂಬ ಪೇಟೆ, 16ನೆಯ ಶತಮಾನದಲ್ಲಿ ಪೋರ್ಚುಗೀಸರು ಕಟ್ಟಿಸಿದ ಕೋಟೆ, ಧೋಫಾರ್ ಪ್ರಾಂತದ ಲೋಬಾನದ ಕೀರ್ತಿಯನ್ನು ಸಾರುವಂತೆ ಗುಡ್ಡದ ಮೇಲೆ ನಿಂತಿರುವ ಧೂಪಪಾತ್ರೆಯಾಕಾರದ ಬೃಹತ್ ಶ್ವೇತಸ್ಮಾರಕ, ಇವೆಲ್ಲವೂ ಕ್ರಮವಾಗಿ ಕಣ್ಣಿಗೆ ಗೋಚರಿಸುವುವು.

ಗ್ರೀಷ್ಮದಲ್ಲಿ ತಾಪವು 40 ಡಿಗ್ರಿ ಸೆಲ್ಸಿಯಸ್ಸನ್ನು ಮೀರುವುದರಿಂದ, ನವೆಂಬರಿನಿಂದ ಫೆಬ್ರವರಿಯವರೆಗಿನ ಸಾಯಂಕಾಲಗಳೇ ಹಿರಿಯರ ದೇಹಕ್ಕೂ ಮನಸ್ಸಿಗೂ ಹಿತಕರವಾದುವು.