ಜಾಹೀರಾತಿಲ್ಲದ ಆ್ಯಪ್ ಹಾಕ್ಕೊಂಡು ಜಾಣರಾದ್ವಿ, ಆಡ್‌ಆನ್ ಬರೆದವರಿಗೆ ಏನು ಸಿಕ್ತು?

ಇವತ್ತಿನ ಎಪಿಸೋಡನ್ನ ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ.

2021ರಲ್ಲಿ, ಪಾಡ್‌ಕಾಸ್ಟ್ ಶುರು ಮಾಡಿದ ಹೊಸದರಲ್ಲಿ, ಯಾರೋ ನನ್ನ ಎಪಿಸೋಡ್‌ಗಳನ್ನ ಇಳಿಸ್ಕೊಂಡು, ನಡುವೆ ಬರೋ ಜಾಹೀರಾತು ಕತ್ತರಿಸಿ, ಬೇರೆ ಕಡೆ ಹಾಕಿದ್ದರು. ಕೆಳಗೆ ‘ಜಾಹೀರಾತಿನ ಕಿರಿಕಿರಿ ಇಲ್ಲ, ಆರಾಮಾಗಿ ಕೇಳಿ’ ಅಂತ ಬೇರೆ. ದನಿ ನನ್ನದು, ಹೆಸರೂ ನನ್ನದೇ. ಆ ಜಾಹೀರಾತಿಂದ ಆಗ ನನಗೆ ಬರ್ತಿದ್ದಿದ್ದು ಇಂಟರ್‌ನೆಟ್ ಬಿಲ್ಲಿಗೆ ಸಾಕಾಗುವಷ್ಟು, ಅಷ್ಟೇ. ಆದ್ರೂ ಸಿಟ್ಟು ನೆತ್ತಿಗೇರಿತು.

ಅದೇ ಸಿಟ್ಟಲ್ಲಿ ರಾತ್ರಿ ಗೇಮ್ ಆಡೋಕೆ ಕೂತೆ. ಮೊದಲು ಆಡ್‌ಆನ್‌ಗಳನ್ನ ಅಪ್‌ಡೇಟ್ ಮಾಡ್ಬೇಕಿತ್ತು. ಅದಕ್ಕೆ ನನ್ನ ಹತ್ರ ಒಂದು ಚಿಕ್ಕ ಆ್ಯಪ್ ಇತ್ತು. ಉಚಿತ, ಒಂದೂ ಜಾಹೀರಾತಿಲ್ಲ. ಹುಡುಕಿ ಹುಡುಕಿ ಅದನ್ನ ಹಾಕ್ಕೊಂಡಿದ್ದಕ್ಕೆ ನಾನೇ ಜಾಣ ಅಂದ್ಕೊಂಡಿದ್ದೆ. ಅಪ್‌ಡೇಟ್ ಬಟನ್ ಒತ್ತೋ ಹೊತ್ತಿಗೆ ಹೊಳೀತು: ಯಾರೋ ನನಗೆ ಮಾಡಿದ್ದನ್ನೇ ನಾನು ಬೇರೆಯವರಿಗೆ ತಿಂಗಳುಗಟ್ಟಲೆ ಮಾಡ್ಕೊಂಡು ಬಂದಿದ್ದೀನಿ.

ಹೌದಾ? ನಿಜವಾಗ್ಲೂ ಎರಡೂ ಒಂದೇನಾ? ಇವತ್ತು ಅದನ್ನೇ ಬಿಡಿಸಿ ನೋಡೋಣ.

ಆಡ್‌ಆನ್ ಅಂದ್ರೆ ಏನು, ಮ್ಯಾನೇಜರ್ ಯಾಕೆ ಬೇಕು?

ಗೇಮ್ ಆಡದೇ ಇರೋರಿಗೆ ಎರಡು ಮಾತು. ಕಂಪನಿ ಕೊಟ್ಟ ಆಟದ ಮೇಲೆ, ಆಟಗಾರರೇ ಬಿಡುವಿನಲ್ಲಿ ಕೂತು ಬರೆದು ಸೇರಿಸೋ ಚಿಕ್ಕ ಪ್ರೋಗ್ರಾಮ್‌ಗೆ ಆಡ್‌ಆನ್ ಅಥವಾ ಮಾಡ್ ಅಂತಾರೆ. ನಾನು ಆಡೋದು 2004ರಲ್ಲಿ ಬಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್. ಅದರಲ್ಲಿ ‘ಡೆಡ್ಲಿ ಬಾಸ್ ಮಾಡ್ಸ್’ ಅನ್ನೋ ಆಡ್‌ಆನ್ ಇದೆ. ಎದುರಿಗಿರೋ ಬಾಸ್ ಮುಂದಿನ ಏಟು ಯಾವಾಗ ಹಾಕ್ತಾನೆ ಅಂತ ಮೊದಲೇ ಎಚ್ಚರಿಸುತ್ತೆ. ಇನ್ನು ಕೆಲವು ನಕ್ಷೆ ತೋರಿಸುತ್ತವೆ, ಚೀಲದಲ್ಲಿರೋ ಸಾಮಾನು ಜೋಡಿಸಿಡುತ್ತವೆ.

ಕಷ್ಟ ಏನಂದ್ರೆ, ಕಂಪನಿ ಆಟಕ್ಕೆ ದೊಡ್ಡ ಪ್ಯಾಚ್ ಬಿಟ್ಟಾಗಲೆಲ್ಲ ಈ ಆಡ್‌ಆನ್‌ಗಳಲ್ಲಿ ಎಷ್ಟೋ ಕೆಟ್ಟು ಕೂರುತ್ತವೆ. ಬರೆದವರು ಆಫೀಸು, ಕಾಲೇಜು ಮುಗಿಸಿ ಬಂದು ಸರಿ ಮಾಡಬೇಕು. ನಾವು ಆ ಹೊಸ ಫೈಲ್ ತಂದು ಹಾಕ್ಕೋಬೇಕು. ಮೂವತ್ತು ಆಡ್‌ಆನ್ ಇದ್ರೆ ಮೂವತ್ತು ಸಲ. ಈ ತಲೆನೋವನ್ನ ಒಂದೇ ಕ್ಲಿಕ್ಕಿಗೆ ಇಳಿಸೋದೇ ಮ್ಯಾನೇಜರ್ ಆ್ಯಪ್.

ಈ ಆಟಕ್ಕೆ ನಾವು ಕಂಪನಿಗೆ ಪ್ರತಿ ತಿಂಗಳು ಚಂದಾ ಕಟ್ತೀವಿ. ಆಡ್‌ಆನ್ ಇಲ್ಲದೆ ಆಡೋದನ್ನ ಊಹಿಸ್ಕೊಳ್ಳೋಕೂ ಆಗದಷ್ಟು ಅಭ್ಯಾಸ ಆಗಿರೋ ಆಟಗಾರರು ಬೇಕಾದಷ್ಟು ಜನ. ಆ ಚಂದಾದಲ್ಲಿ ಆಡ್‌ಆನ್ ಬರೆದವರಿಗೆ ಒಂದು ಪೈಸೆಯೂ ಇಲ್ಲ.

ಟಿಕೆಟ್ ಇಲ್ಲದ ಆಟ

ಹಾಗಾದ್ರೆ ಅವರೇ ಬೆಲೆ ಇಟ್ಟು ಮಾರಬಹುದಲ್ಲ? ಮಾರೋ ಹಾಗಿಲ್ಲ. 2009ರ ಮಾರ್ಚ್‌ನಲ್ಲಿ ಬ್ಲಿಜಾರ್ಡ್ ಕಂಪನಿ ಆಡ್‌ಆನ್ ನೀತಿ ತಂತು. ಆಡ್‌ಆನ್‌ಗೆ ಹಣ ಕೇಳಬಾರದು. ಕೋಡ್ ಮುಚ್ಚಿಡಬಾರದು. ಆಡ್‌ಆನ್ ಒಳಗೆ ಜಾಹೀರಾತು ಹಾಕಬಾರದು. ಆಟದ ಪರದೆಯ ಮೇಲೆ ದೇಣಿಗೆ ಕೂಡ ಕೇಳಬಾರದು. ಕೇಳೋದಾದ್ರೆ ನಿಮ್ಮ ವೆಬ್‌ಸೈಟಲ್ಲಿ ಕೇಳಿ. ಅಲ್ಲೀವರೆಗೆ ‘ಕಾರ್ಬೊನೈಟ್’ ಅನ್ನೋ ಆಡ್‌ಆನ್ ದುಡ್ಡಿಗೆ ಸಿಗ್ತಿತ್ತು. ನಿಯಮ ಬಂದ ಮೇಲೆ ಅದೂ ಉಚಿತ ಆಯ್ತು.

ನಿಯಮದಲ್ಲಿ ಅರ್ಥ ಇಲ್ಲ ಅಂತಲ್ಲ. ದುಡ್ಡಿದ್ದವರಿಗೆ ಮಾತ್ರ ಒಳ್ಳೇ ನಕ್ಷೆ, ಒಳ್ಳೇ ಎಚ್ಚರಿಕೆ ಅಂತಾದ್ರೆ ಆಟದ ಮಜಾ ಹೋಗುತ್ತೆ. ಕೋಡ್ ತೆರೆದಿದ್ರೆ ಮೋಸವೂ ಕಡಿಮೆ. ಆದ್ರೆ ಕಾಮರ್ಸ್ ಓದಿದವನ ಕಣ್ಣಿಗೆ ಇನ್ನೊಂದು ಕಾಣುತ್ತೆ: ಒಂದು ವಸ್ತುವಿನ ಬೆಲೆ ಸೊನ್ನೆ ಅಂತ ಕಟ್ಟುಮಾಡಿದ್ರೆ, ದುಡ್ಡು ಮಾಯ ಆಗಲ್ಲ. ಆ ವಸ್ತು ಹಾದು ಬರೋ ದಾರಿಗೆ ಹೋಗಿ ಕೂತ್ಕೊಳ್ಳುತ್ತೆ.

ಕರಾವಳಿ ಕಡೆಯವರು ಯಕ್ಷಗಾನ ನೆನಪು ಮಾಡ್ಕೊಳ್ಳಿ. ಟೆಂಟ್ ಆಟಕ್ಕೆ ಟಿಕೆಟ್ ಇರುತ್ತೆ. ಹರಕೆ ಆಟಕ್ಕೆ ಟಿಕೆಟ್ ಇಲ್ಲ, ಆದ್ರೆ ಹರಕೆ ಹೊತ್ತವರು ಮೇಳಕ್ಕೆ ಹಣ ಕಟ್ಟಿರ್ತಾರೆ. ಆಡ್‌ಆನ್ ಲೋಕದಲ್ಲಿ ಟಿಕೆಟ್ಟೂ ಇಲ್ಲ, ಹರಕೆ ಹೊತ್ತವರೂ ಇಲ್ಲ. ಗದ್ದೆಗೆ ಬರೋ ದಾರಿಯಲ್ಲಿ ಚರುಮುರಿ ಅಂಗಡಿ ಇಟ್ಟವರಿಗೆ ಮಾತ್ರ ವ್ಯಾಪಾರ.

ದಾರಿ ಯಾರದ್ದು?

ಇಲ್ಲಿ ಆ ದಾರಿಯ ಹೆಸರು ಕರ್ಸ್‌ಫೋರ್ಜ್. ಆಡ್‌ಆನ್‌ಗಳ ದೊಡ್ಡ ಗೋದಾಮು. 2016ರಲ್ಲಿ ಅಮೆಜಾನ್ ಒಡೆತನದ ಟ್ವಿಚ್ ಇದನ್ನ ಮಾತೃಸಂಸ್ಥೆಯ ಸಮೇತ ಕೊಂಡ್ಕೊಳ್ತು. 2020ರಲ್ಲಿ ಇಸ್ರೇಲಿನ ಓವರ್‌ವುಲ್ಫ್ ಕಂಪನಿ ತನ್ನದು ಮಾಡ್ಕೊಳ್ತು. ಅವರ ಮ್ಯಾನೇಜರ್ ಆ್ಯಪ್ ತೆಗೆದ್ರೆ ಪಕ್ಕದಲ್ಲಿ ಜಾಹೀರಾತು ಓಡ್ತಿರುತ್ತೆ. ಅದರಿಂದ ಬರೋ ಹಣದಲ್ಲಿ ಒಂದು ಪಾಲು ‘ಪಾಯಿಂಟ್’ ರೂಪದಲ್ಲಿ ಬರೆದವರಿಗೆ ಸೇರುತ್ತೆ. 100 ಪಾಯಿಂಟ್‌ಗೆ 5 ಡಾಲರ್ ಲೆಕ್ಕ.

ಆದ್ರೆ ಆ್ಯಪ್ ಭಾರ, ಜಾಹೀರಾತು ಕಿರಿಕಿರಿ ಅಂತ ಕೆಲವು ಹವ್ಯಾಸಿಗಳೇ ಬೇರೆ ಮ್ಯಾನೇಜರ್ ಬರೆದರು. ಹಗುರ, ಉಚಿತ, ಜಾಹೀರಾತಿಲ್ಲ. ಫೈಲ್ ಮಾತ್ರ ಬರ್ತಿದ್ದಿದ್ದು ಅದೇ ಕರ್ಸ್‌ಫೋರ್ಜ್ ಗೋದಾಮಿಂದ. ನಾನು ಹಾಕ್ಕೊಂಡಿದ್ದು ಇಂಥದ್ದೇ. ಪುಕ್ಕಟೆ ಸಿಕ್ಕಿದ್ರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ.

2022ರಲ್ಲಿ ಓವರ್‌ವುಲ್ಫ್ ಹಳೇ ಬಾಗಿಲು ಮುಚ್ಚಿತು. ಹೊರಗಿನ ಆ್ಯಪ್‌ಗಳು ಅನುಮತಿಯ ಕೀಲಿ ಪಡೀಬೇಕು ಅಂತ ಮಾಡ್ತು. ಜತೆಗೆ, ತನ್ನ ಫೈಲ್ ಹೊರಗಿನ ಆ್ಯಪ್‌ಗಳಿಗೆ ಸಿಗಬೇಕಾ ಬೇಡವಾ ಅಂತ ಪ್ರತಿಯೊಬ್ಬ ಆಡ್‌ಆನ್ ಬರಹಗಾರನೂ ತೀರ್ಮಾನ ಮಾಡೋ ಅವಕಾಶ ಕೊಡ್ತು. ಕೆಲವರು ಬೇಡ ಅಂದರು. ‘ವಾವ್‌ಅಪ್’ ಅನ್ನೋ ಜನಪ್ರಿಯ ಮ್ಯಾನೇಜರ್ ಎರಡು ಆವೃತ್ತಿಯಾಗಿ ಒಡೀತು: ಒಂದು ಕರ್ಸ್‌ಫೋರ್ಜ್ ಜತೆ, ಇನ್ನೊಂದು ಕರ್ಸ್‌ಫೋರ್ಜ್ ಇಲ್ಲದೆ.

ಆಟಗಾರರು ಕಂಪನಿಯನ್ನ ಬೈದರು. ನಾನೂ ಬೈದೆ. ಆಮೇಲೆ ಯೋಚನೆ ಮಾಡಿದ್ರೆ, ಆ ಜಗಳದಲ್ಲಿ ಒಂದು ಕಡೆ ಕಂಪನಿ, ಇನ್ನೊಂದು ಕಡೆ ನಾವು. ‘ಬೇಡ’ ಅಂದ ಬರಹಗಾರರು ಯಾಕೆ ಬೇಡ ಅಂದರು ಅಂತ ನಾವು ಎಷ್ಟು ಜನ ಕೇಳಿದ್ವಿ?

ಮಾರಿದ್ರೆ ಸರಿಹೋಗ್ತಿತ್ತಾ?

ಒಂದು ಪ್ರಯೋಗ ಆಗಿಹೋಗಿದೆ. 2015ರ ಏಪ್ರಿಲ್ 23ರಂದು ವಾಲ್ವ್ ಕಂಪನಿ ತನ್ನ ಸ್ಟೀಮ್‌ನಲ್ಲಿ ಸ್ಕೈರಿಮ್ ಆಟದ ಮಾಡ್‌ಗಳನ್ನ ಮಾರೋಕೆ ಬಿಡ್ತು. ನೂರು ರೂಪಾಯಿಯ ಲೆಕ್ಕ ಹಾಕಿ: 30 ರೂಪಾಯಿ ವಾಲ್ವ್‌ಗೆ, 45 ಆಟದ ಒಡೆಯರಾದ ಬೆಥೆಸ್ಡಾಗೆ, 25 ಮಾಡ್ ಬರೆದವರಿಗೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಇಲ್ಲಿ ಪೂಜಾರಿಗಳು ಇಬ್ಬರು.

ಇನ್ನೂ ದೊಡ್ಡ ತೊಡಕು ಬೇರೆ ಇತ್ತು. ಮೀನು ಹಿಡಿಯೋ ಒಂದು ಮಾಡ್ ಮಾರಾಟಕ್ಕೆ ಬಂತು. ಅದು ಇನ್ನೊಬ್ಬರು ಉಚಿತವಾಗಿ ಕೊಟ್ಟಿದ್ದ ಅನಿಮೇಷನ್ ಸಾಧನದ ಮೇಲೆ ನಿಂತಿತ್ತು. ಅವರ ಒಪ್ಪಿಗೆ ಇಲ್ಲ ಅಂತ ಗಲಾಟೆಯಾಗಿ ಆ ಮಾಡ್ ಕೆಳಗಿಳೀತು. ಹವ್ಯಾಸಿಗಳ ಲೋಕದಲ್ಲಿ ಒಬ್ಬರ ಕೆಲಸ ಇನ್ನೊಬ್ಬರ ಹೆಗಲ ಮೇಲೆ ಕೂತಿರುತ್ತೆ. ಎಲ್ಲ ಉಚಿತ ಇದ್ದಾಗ ಯಾರೂ ಲೆಕ್ಕ ಕೇಳಲ್ಲ. ಒಬ್ಬರ ಜೇಬಿಗೆ ದುಡ್ಡು ಬಿದ್ದ ಕೂಡಲೇ ಉಳಿದವರ ಪಾಲು ಎಲ್ಲಿ ಅನ್ನೋ ಪ್ರಶ್ನೆ ಬರುತ್ತೆ. ನಾಲ್ಕೇ ದಿನಕ್ಕೆ, ಏಪ್ರಿಲ್ 27ರಂದು, ವಾಲ್ವ್ ಯೋಜನೆ ಕೈಬಿಟ್ಟು ಕೊಂಡವರಿಗೆ ಹಣ ವಾಪಸ್ ಕೊಡ್ತು.

ಡೌನ್‌ಲೋಡ್ ಲೆಕ್ಕದ ಮೋಸ

ಹಾಗಾದ್ರೆ ಜಾಹೀರಾತಿನ ಪಾಲೇ ವಾಸಿ ಅನ್ನಿಸುತ್ತೆ. ಆಟಗಾರನ ಜೇಬಿಗೆ ಕತ್ತರಿ ಇಲ್ಲ, ಬರೆದವರಿಗೂ ಏನೋ ಬಂತು. ಆದ್ರೆ ಪಾಲು ಹಂಚೋ ಅಳತೆಗೋಲು ಸಾಮಾನ್ಯವಾಗಿ ಡೌನ್‌ಲೋಡ್, ಜನಪ್ರಿಯತೆ. ಇದರಲ್ಲಿ ಎರಡು ತೊಂದರೆ.

ಒಂದು: ವಾರ್‌ಕ್ರಾಫ್ಟ್‌ನಲ್ಲಿ ‘ಏಸ್3’ ಅನ್ನೋ ಕೋಡ್ ಗ್ರಂಥಾಲಯ ಇದೆ. ಎಷ್ಟೋ ಆಡ್‌ಆನ್‌ಗಳು ಅದನ್ನ ತಮ್ಮ ಫೈಲ್ ಒಳಗೇ ಸೇರಿಸ್ಕೊಂಡಿರುತ್ತವೆ. ಡೌನ್‌ಲೋಡ್ ಲೆಕ್ಕ ಸೇರೋದು ಹೊರಗಿನ ಆಡ್‌ಆನ್ ಹೆಸರಿಗೆ. ಮೈನ್‌ಕ್ರಾಫ್ಟ್‌ನಲ್ಲಿ ‘ಫ್ಯಾಬ್ರಿಕ್ ಎಪಿಐ’ ಕೂಡ ಅಂಥದ್ದೇ ತಳಪಾಯ, ಆದ್ರೆ ಅದನ್ನ ಬೇರೆಯಾಗಿ ಇಳಿಸ್ಕೋಬೇಕು. ಹಾಗಾಗಿ ಡೌನ್‌ಲೋಡ್ ಪಟ್ಟಿಯಲ್ಲಿ ಅದು ಮೇಲಿನ ಸಾಲಲ್ಲಿ ಕಾಣುತ್ತೆ. ಕೆಲಸ ಒಂದೇ ಥರದ್ದು, ಕಟ್ಟೋ ವಿಧಾನ ಬೇರೆ, ಎಣಿಕೆ ತಲೆಕೆಳಗು. ಅನುವಾದ ಮಾಡಿದವರು, ತಪ್ಪು ಹುಡುಕಿ ಕೊಟ್ಟವರು ಈ ಎಣಿಕೆಗೆ ಸಿಗೋದೇ ಇಲ್ಲ.

ಎರಡು: ಒಳ್ಳೇ ಮ್ಯಾನೇಜರ್ ಎರಡು ನಿಮಿಷದಲ್ಲಿ ಕೆಲಸ ಮುಗಿಸಿ ಮುಚ್ಚಿಕೊಳ್ಳಬೇಕು. ಜಾಹೀರಾತಿಂದ ಬದುಕೋ ಮ್ಯಾನೇಜರ್‌ಗೆ ನೀವು ಹೆಚ್ಚು ಹೊತ್ತು ತೆರೆದಿಟ್ಟಷ್ಟೂ ಲಾಭ. ಬಳಸೋರ ಅನುಕೂಲ ಒಂದು ಕಡೆ ಎಳೀತು, ಆದಾಯ ಇನ್ನೊಂದು ಕಡೆ.

ಹಾಗಂತ ಗೋದಾಮು ನಡೆಸೋದು ಪುಕ್ಕಟೆ ಕೆಲಸ ಅಲ್ಲ. 2023ರ ಜೂನ್‌ನಲ್ಲಿ ‘ಫ್ರಾಕ್ಚರೈಸರ್’ ಅನ್ನೋ ಕುತಂತ್ರಾಂಶ, ಕದ್ದ ಖಾತೆಗಳ ಮೂಲಕ ಮೈನ್‌ಕ್ರಾಫ್ಟ್ ಮಾಡ್‌ಗಳ ಒಳಗೆ ಸೇರಿ ಕರ್ಸ್‌ಫೋರ್ಜ್‌ನಲ್ಲೂ ಹರಡಿತ್ತು. ಸರ್ವರ್, ತಪಾಸಣೆ, ಜನ, ಎಲ್ಲಕ್ಕೂ ಖರ್ಚಿದೆ. ‘ಎಲ್ಲ ಉಚಿತ ಇರಲಿ, ಜಾಹೀರಾತೂ ಬೇಡ, ಸುರಕ್ಷಿತವಾಗೂ ಇರಲಿ’ ಅಂತ ಕೇಳೋದು ಯಾರದ್ದೋ ದುಡ್ಡು ಎಲ್ಲಮ್ಮನ ಜಾತ್ರೆ ಆಗುತ್ತೆ.

ನಾನು ಕೇಳ್ಕೊಳ್ಳೋ ಮೂರು ಪ್ರಶ್ನೆ

ಹಾಗಾಗಿ ‘ಜಾಹೀರಾತು ಇದೆಯಾ, ಇಲ್ವಾ’ ಅನ್ನೋದು ತಪ್ಪು ಪ್ರಶ್ನೆ ಅಂತ ನನಗೆ ಅನ್ನಿಸಿದೆ. ಬದಲಿಗೆ ಮೂರು ಕೇಳ್ತೀನಿ.

ಮೊದಲನೇದು, ಪಾಲು ಎಷ್ಟು ಅಂತ ಬಾಯಿಬಿಟ್ಟು ಹೇಳಿದ್ದಾರಾ? ಮೈನ್‌ಕ್ರಾಫ್ಟ್ ಮಾಡ್‌ಗಳ ಮಾಡ್‌ರಿಂತ್ ತಾಣ ಜಾಹೀರಾತು ಆದಾಯದಲ್ಲಿ 75% ಬರೆದವರಿಗೆ, 25% ತನಗೆ ಅಂತ ಬಹಿರಂಗವಾಗಿ ಹೇಳಿಕೊಂಡಿದೆ. ಹೆಚ್ಚೋ ಕಡಿಮೆಯೋ, ಕನಿಷ್ಠ ಜಗಳ ಆಡೋಕೆ ಒಂದು ಸಂಖ್ಯೆ ಸಿಗುತ್ತೆ.

ಎರಡನೇದು, ಬರೆದವರು ಬೇಡ ಅಂತ ಎದ್ದು ಹೋಗಬಹುದಾ? 2021ರಲ್ಲಿ ನೆಕ್ಸಸ್ ಮಾಡ್ಸ್ ತಾಣ, ಇನ್ಮೇಲೆ ಫೈಲ್ ಪೂರ್ತಿ ಅಳಿಸೋಕೆ ಆಗಲ್ಲ, ಸಂಗ್ರಹದಲ್ಲಿ ಉಳಿಯುತ್ತೆ ಅಂತ ನಿಯಮ ತಂತು. ಒಪ್ಪದವರಿಗೆ ಫೈಲ್ ತೆಗೆಸ್ಕೊಳ್ಳೋಕೆ ಒಂದು ತಿಂಗಳ ಗಡುವು. ಕೆಲವರು ವರ್ಷಗಳ ಕೆಲಸ ಹೊತ್ತು ಹೊರಟೇ ಹೋದರು. ಅದೇ ತಾಣ 2018ರಿಂದ ಬರಹಗಾರರಿಗೆ ‘ಡೊನೇಷನ್ ಪಾಯಿಂಟ್’ ಕೂಡ ಕೊಡ್ತಾ ಇದೆ. ಅಂದ್ರೆ ದುಡ್ಡು ಕೊಟ್ಟ ಮಾತ್ರಕ್ಕೆ ಗೌರವ ಕೊಟ್ಟ ಹಾಗೆ ಆಗಲ್ಲ.

ಮೂರನೇದು, ಆಟಗಾರನಿಗೆ ಬೇರೆ ದಾರಿ ಇದೆಯಾ? ಚಂದಾ ಕಟ್ಟಿ ಜಾಹೀರಾತು ತೆಗೆಸೋದು, ಅಥವಾ ಕೈಯಾರೆ ಫೈಲ್ ಇಳಿಸ್ಕೊಳ್ಳೋದು.

ಈಗ ಶುರುವಿನ ಪ್ರಶ್ನೆಗೆ ಬರ್ತೀನಿ. ನನ್ನ ಎಪಿಸೋಡ್ ಕತ್ತರಿಸಿದವರೂ, ಜಾಹೀರಾತಿಲ್ಲದ ಮ್ಯಾನೇಜರ್ ಬಳಸಿದ ನಾನೂ ಒಂದೇನಾ? ಪೂರ್ತಿ ಅಲ್ಲ. ಆ ಮ್ಯಾನೇಜರ್ ಬರೆದವರೂ ಹವ್ಯಾಸಿಗಳೇ, ಬಾಗಿಲು ಆಗ ತೆರೆದೇ ಇತ್ತು. ಎಷ್ಟೋ ಆಡ್‌ಆನ್ ಬರಹಗಾರರಿಗೆ ಫೈಲ್ ಎಲ್ಲಿಂದ ಹೋದರೂ ಬೇಜಾರಿಲ್ಲ. ಆದ್ರೆ ಬೇಜಾರಿದೆಯಾ ಅಂತ ನಾನು ಕೇಳಿರಲಿಲ್ಲ. ಅಷ್ಟರಮಟ್ಟಿಗೆ ಇಬ್ಬರೂ ಒಂದೇ.

ಅದಕ್ಕೇ ಆಮೇಲೆ ಒಂದು ಕೆಲಸ ಮಾಡಿದೆ. ನನ್ನ ಪಟ್ಟಿಯಲ್ಲಿದ್ದ ಮೂವತ್ತೊಂದು ಆಡ್‌ಆನ್‌ಗಳ ಪುಟ ಒಂದೊಂದಾಗಿ ತೆಗೆದು ಓದಿದೆ. ಬಳಸದೇ ಇದ್ದ ಹನ್ನೊಂದನ್ನ ತೆಗೆದೆ. ದಿನಾ ಬೇಕಾಗೋ ಮೂವರು ಬರಹಗಾರರಿಗೆ ವರ್ಷಕ್ಕೊಂದು ಸಲ ನೇರವಾಗಿ ಸ್ವಲ್ಪ ಹಣ ಕಳಿಸ್ತೀನಿ. ಉಳಿದವರಿಗೆ ಜಾಹೀರಾತು ಓಡಲಿ ಅಂತ ಬಿಟ್ಟಿದ್ದೀನಿ. ಒಬ್ಬರ ಪುಟದಲ್ಲಿ ‘ಹಣ ಬೇಡ, ತಪ್ಪು ಕಂಡ್ರೆ ಸರಿಯಾಗಿ ವಿವರಿಸಿ ಬರೀರಿ, ಸಾಕು’ ಅಂತ ಇತ್ತು. ಅವರಿಗೆ ಇಲ್ಲೀವರೆಗೆ ಎರಡು ಬಗ್ ವರದಿ ಬರೆದು ಕಳಿಸಿದ್ದೀನಿ. ಒಂದನ್ನ ಸರಿ ಮಾಡಿದ್ದಾರೆ.

ನೀವು ಬಳಸೋ ಮಾಡ್, ಆಡ್‌ಆನ್ ಬರೆದವರ ಪುಟವನ್ನ ಇವತ್ತು ಒಂದ್ಸಲ ತೆಗೆದು ಓದಿ. ಅವರು ಏನು ಕೇಳಿದ್ದಾರೆ ಅಂತ ನನಗೂ ಬರೆದು ತಿಳಿಸಿ.